ಅರಗು ಹಾಕಿದ ಬಾಟಲಿ

ಪಾಲಿಶ್ ಮೇಸ್ತ್ರಿಯ ಕೈಯಿಂದ ಒಂದು ವಸ್ತು ಜಾರಿ ಬಿದ್ದದ್ದನ್ನು ಇದುವರೆಗೆ ಕಂಡವರಿಲ್ಲ. ನಾಲ್ಕು ಜನ ಹೊರಬೇಕಾದ ಕನ್ನಡಿ ಕಪಾಟನ್ನು ಇನ್ನೊಬ್ಬನ ಜೊತೆ ಹೊತ್ತು ಮೂರನೇ ಮಹಡಿಗೆ ಹತ್ತಿಸಿದ ಮನುಷ್ಯ. ಅಂಥವನು ಆ ಮಧ್ಯಾಹ್ನ ನೆಲಮಾಳಿಗೆಯ ಕೊನೆಯ ಗೂಡಿನ ಮುಂದೆ ನಿಂತು, ಒಂದೇ ಒಂದು ಬಾಟಲಿಯನ್ನು ಕೈಜಾರಿಸಿ ಕೆಡವುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದ.

ಮೂರನೇ ಮೆಟ್ಟಿಲಿನ ಅಂಚು ಒಡೆದಿತ್ತು. ಅಲ್ಲಿ ಎಡವಿದರೆ ಯಾರೂ ಅನುಮಾನ ಪಡುವುದಿಲ್ಲ. ಎಪ್ಪತ್ತರ ಹತ್ತಿರದ ಮುದುಕ, ಮಂಡಿ ಬೇರೆ ಕೈಕೊಟ್ಟಿದೆ, ಪಾಪ, ಎನ್ನುತ್ತಾರೆ. ಮಗಳು ಗಾಜು ಗುಡಿಸುತ್ತಾಳೆ, ಅಳಿಯ ಮಂಡಿಗೆ ಹಚ್ಚಲು ಏನಾದರೂ ತರುತ್ತಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಬಾಟಲಿ ಒಡೆದರೆ ಅದರೊಳಗಿನದರ ವಾಸನೆ ಮನೆಯೆಲ್ಲ ಹರಡಿ ಗುಟ್ಟು ರಟ್ಟಾಗುತ್ತದೆ ಎನ್ನುವುದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಮೂಗು ಸತ್ತವನು ಹೂಡುವ ಉಪಾಯ ಇನ್ನು ಹೇಗಿದ್ದೀತು?

ಬಾಟಲಿಯಲ್ಲಿದ್ದದ್ದು ಅವರ ತೋಟದ ಮೊದಲ ವರ್ಷದ ವೈನು. ಹಾಗೆಂದು ಮಗಳು, ಅಳಿಯ ನಂಬಿದ್ದರು. ಅದು ವೈನಲ್ಲ, ಅಪ್ಪಟ ವಿನೆಗರ್ ಎಂದು ಗೊತ್ತಿದ್ದದ್ದು ಇಬ್ಬರಿಗೆ, ಮೇಸ್ತ್ರಿಗೆ ಮತ್ತು ಅವನ ಹೆಂಡತಿಗೆ. ಹೆಂಡತಿಗೆ ಗೊತ್ತಿದೆ ಎನ್ನುವುದು ಮೇಸ್ತ್ರಿಗೆ ಗೊತ್ತಿತ್ತು. ತನಗೆ ಗೊತ್ತಿದೆ ಎನ್ನುವುದು ಹೆಂಡತಿಗೆ ಗೊತ್ತಿಲ್ಲ ಎಂದು ಅವನು ಇಪ್ಪತ್ತು ವರ್ಷದಿಂದ ನಂಬಿಕೊಂಡಿದ್ದ. ಅವಳಿಗೆ ಅದು ಗೊತ್ತಾದ ದಿನ ತನ್ನ ಮುಖಕ್ಕೆ ಏನು ಗತಿ ಎಂದು ಹೆದರಿಕೊಂಡೇ ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದಿದ್ದ. ಆ ಬಾಟಲಿಯನ್ನು ಇವತ್ತು ಊಟದ ಹೊತ್ತಿಗೆ ಮಗಳು ತೆರೆಯುವವಳಿದ್ದಳು.

ಇದನ್ನು ಮೊದಲಿನಿಂದ ಹೇಳಿದರೇ ಸರಿ.

ಪಟ್ಟಣದಲ್ಲಿದ್ದಾಗ ಮೇಸ್ತ್ರಿಯದು ಪೀಠೋಪಕರಣಗಳಿಗೆ ಪಾಲಿಶ್ ಹಾಕುವ ಕೆಲಸ. ಬೇಕರಿಯ ಹಿಂದಿನ ಓಣಿಯಲ್ಲಿ ಅಂಗಡಿ, ಬೇಕರಿಯ ಮೇಲಿನ ಕೋಣೆಯಲ್ಲಿ ಸಂಸಾರ. ಹೆಂಡತಿ ಅದೇ ಬೇಕರಿಯಲ್ಲಿ ಒಲೆಯ ಉಸ್ತುವಾರಿ. ಅವಳ ಮೂಗಿನ ಬಗ್ಗೆ ಬೀದಿಗೆ ಬೀದಿಯೇ ಮಾತಾಡುತ್ತಿತ್ತು. ಗಡಿಯಾರ ನೋಡದೆ, ಒಲೆಯ ಬಾಗಿಲು ತೆಗೆಯದೆ, ಮೂರನೇ ಸಾಲಿನ ಬ್ರೆಡ್ಡು ಇನ್ನೆರಡು ನಿಮಿಷಕ್ಕೆ ಕೆಂಪಾಗುತ್ತದೆ ಎಂದು ಹೇಳುತ್ತಿದ್ದಳು. ಯಜಮಾನನಿಗೆ ಅವಳೆಂದರೆ ಭಯಭಕ್ತಿ. ಅವಳಿಗೆ ಆ ಬೇಕರಿ ಎಂದರೆ ಪ್ರಾಣ. ಬೆಳಿಗ್ಗೆ ಕಿಟಕಿ ತೆಗೆದರೆ ಹಾಲಿನವನು, ಪೇಪರಿನವನು, ಎದುರು ಮನೆಯ ಟೈಲರಮ್ಮ, ಎಲ್ಲರೂ ಅವಳಿಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಿದ್ದರು. ಮಾತಿಲ್ಲದ ಜಾಗದಲ್ಲಿ ತನಗೆ ಅನ್ನ ಸೇರುವುದಿಲ್ಲ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಮೇಸ್ತ್ರಿಯ ಮೂಗು ಹೋದದ್ದು ಅದೇ ಕೋಣೆಯಲ್ಲಿ ಗೊತ್ತಾಯಿತು. ಇಪ್ಪತ್ತೆರಡು ವರ್ಷ ಸ್ಪಿರಿಟ್ಟು, ವಾರ್ನಿಶ್ಶು ಎಳೆದುಕೊಂಡ ಮೂಗು. ಒಂದು ದಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ, ಕೆಳಗಿನ ಬೇಕರಿಯಿಂದ ಹೆಂಡತಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರೆ, ಗಂಡ ಒಲೆಯ ಪಕ್ಕದಲ್ಲೇ ಕಾಲು ಚಾಚಿ ಪೇಪರ್ ಓದುತ್ತಿದ್ದ. ಡಾಕ್ಟರು ನೋಡಿ, ಮೂಗಿನ ಕಥೆ ಮುಗಿಯಿತು, ಇದೇ ಕೆಲಸ ಮುಂದುವರಿಸಿದರೆ ಶ್ವಾಸಕೋಶದ ಕಥೆಯೂ ಮುಗಿಯುತ್ತದೆ ಎಂದರು. ಉಪ್ಪು, ಹುಳಿ, ಸಿಹಿ, ಕಹಿ ನಾಲಗೆಗೆ ಗೊತ್ತಾಗುತ್ತವೆ, ಅಷ್ಟಕ್ಕೆ ತೃಪ್ತಿಪಡಿ ಎಂದೂ ಹೇಳಿದರು.

ಆಮೇಲಿನ ಆರು ತಿಂಗಳು ಅವನು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಕೈಗೆ ಕೆಲಸವಿಲ್ಲದೆ ಮನೆಯ ಮೇಜನ್ನು ದಿನಕ್ಕೆರಡು ಸಲ ಒರೆಸುತ್ತಿದ್ದ. ಹೆಂಡತಿಗೆ ನೋಡಲಾಗುತ್ತಿರಲಿಲ್ಲ. ಹಾಗಿರುವಾಗ ಊರಾಚೆಯ ಒಂದು ವೈನ್ ತಯಾರಕರ ಮನೆಯಲ್ಲಿ ಹಳೆಯ ಉದ್ದ ಮೇಜಿಗೆ ಬರೀ ಜೇನುಮೇಣ ತಿಕ್ಕುವ ಕೆಲಸ ಬಂತು. ವಾರ್ನಿಶ್ ಇಲ್ಲವಲ್ಲ, ಹೋಗಿ ಬನ್ನಿ ಎಂದು ಅವಳೇ ಕಳಿಸಿದಳು. ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಹಣೆ ಚಚ್ಚಿಕೊಂಡಳೋ ದೇವರಿಗೇ ಗೊತ್ತು.

ಹದಿನೈದು ದಿನ ಕಳೆದು ಬಂದ ಮೇಸ್ತ್ರಿ ಬೇರೆಯೇ ಮನುಷ್ಯನಾಗಿದ್ದ. ಬಾಯಿ ತೆರೆದರೆ ದ್ರಾಕ್ಷಿ. ಬಳ್ಳಿ ಹೀಗೆ, ಬೇರು ಹಾಗೆ, ಕಲ್ಲುನೆಲವೇ ಅದಕ್ಕೆ ಬೇಕಂತೆ, ಪೀಪಾಯಿ ಅಂದರೆ ಮರ ತಾನೇ, ಮರ ಅಂದಮೇಲೆ ನನಗೆ ಗೊತ್ತಿಲ್ಲದ್ದೇನಿದೆ. ಅಂಗಡಿಯ ತನ್ನ ಪಾಲನ್ನು ಜೊತೆಗಾರನಿಗೆ ಬಿಟ್ಟುಕೊಟ್ಟು, ಬಸ್ಸಿಳಿದು ಒಂದು ಗಂಟೆ ನಡೆಯಬೇಕಾದ ಕಡೆ ಒಂದು ಇಳಿಜಾರು ಕೊಂಡ. ಅದನ್ನು ಜಮೀನು ಎಂದು ಕರೆಯಲು ಧೈರ್ಯ ಬೇಕಿತ್ತು. ಮೇಲೆ ಕಲ್ಲು, ನಡುವೆ ಕಲ್ಲು, ಕೆಳಗೆ ಮಾತ್ರ ಮುಳ್ಳುಗಿಡ. ಹೆಂಡತಿ ಮೊದಲ ಸಲ ಬಂದು ನೋಡಿದವಳು ಒಂದು ಕಲ್ಲಿನ ಮೇಲೆ ಕೂತು, ಇದರಲ್ಲಿ ಏನು ಬಿತ್ತುತ್ತೀರಿ, ಕಲ್ಲೇನಾ ಎಂದು ಕೇಳಿದ್ದಳು.

ಎರಡು ವರ್ಷ ಅವನೊಬ್ಬನೇ ಅಲ್ಲಿದ್ದ. ತಗಡಿನ ಒಂದು ಕೋಣೆ ಕಟ್ಟಿಕೊಂಡ. ಆರಿಸಿದ ಕಲ್ಲನ್ನೇ ಪೇರಿಸಿ ಅಡ್ಡಗೋಡೆಗಳನ್ನು ಎಬ್ಬಿಸಿದ. ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ನೆಟ್ಟು, ಒಂದೊಂದಕ್ಕೂ ಕೆಳಗಿನ ಹಳ್ಳದಿಂದ ನೀರು ಹೊತ್ತ. ಶನಿವಾರ ಸಂಜೆ ಪಟ್ಟಣಕ್ಕೆ ಬಂದರೆ ಅಂಗೈಯ ಚರ್ಮ ಸುಲಿದಿರುತ್ತಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಹೆಂಡತಿ ಅಂಗೈಗೆ ಬೆಣ್ಣೆ ಹಚ್ಚುತ್ತ ಬೈಯುತ್ತಿದ್ದಳು. ಆ ಬೈಗುಳ ಕೇಳಲಿಕ್ಕೆಂದೇ ಅವನು ಶನಿವಾರದ ದಾರಿ ಕಾಯುತ್ತಿದ್ದ. ಇದನ್ನು ಅವಳಿಗೆ ಒಂದು ದಿನವೂ ಹೇಳಲಿಲ್ಲ. ಮನಸ್ಸಿನೊಳಗೆ ಇದ್ದದ್ದು ಬಾಯಿಗೆ ಬರುವಷ್ಟರಲ್ಲಿ ಅವನಿಗೆ ಯಾವುದಾದರೂ ಕೆಲಸ ನೆನಪಾಗುತ್ತಿತ್ತು.

ಮೂರನೇ ವರ್ಷ ಬಳ್ಳಿಯಲ್ಲಿ ಗೊಂಚಲು ಕಂಡಿತು. ಇನ್ನು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಆಗ ಹೆಂಡತಿ ಒಂದು ಷರತ್ತು ಹಾಕಿದಳು. ಬೇಕರಿಗೆ ರಜೆ ಹೇಳಿ, ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬರುತ್ತೇನೆ. ಮೊದಲ ಬೆಳೆ, ಮೊದಲ ವೈನು. ಮೊದಲ ಗುಟುಕು ನನ್ನದು. ನಾನು ಮೂಸಿ, ಕುಡಿದು, ಚೆನ್ನಾಗಿದೆ ಎಂದರೆ ಇಲ್ಲೇ ಇರೋಣ. ಇಲ್ಲವೆಂದರೆ ಇಳಿಜಾರು ಮಾರಿ ಪಟ್ಟಣಕ್ಕೆ ಹೊರಡೋಣ, ನೀವು ಜೊತೆಗಾರನ ಅಂಗಡಿಯ ಗಲ್ಲಾದಲ್ಲಿ ಕೂತಿರಿ, ಮತ್ತೆ ದ್ರಾಕ್ಷಿಯ ಸುದ್ದಿ ಎತ್ತಬಾರದು. ಮೇಸ್ತ್ರಿ ಒಪ್ಪಿಕೊಂಡ. ಅವಳ ಮೂಗು ಸುಳ್ಳು ಹೇಳುವುದಿಲ್ಲ ಎನ್ನುವುದರಲ್ಲಿ ಯಾರಿಗೆ ಅನುಮಾನವಿತ್ತು?

ಆ ಸುಗ್ಗಿಯನ್ನು ಮೇಸ್ತ್ರಿ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತಾನೆ. ಅವಳು ಸೆರಗು ಸಿಕ್ಕಿಸಿಕೊಂಡು ಗೊಂಚಲು ಕತ್ತರಿಸುತ್ತಿದ್ದಳು. ಒಂದು ಗೊಂಚಲು ಬುಟ್ಟಿಗೆ ಹಾಕಿದರೆ ಎರಡು ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಳೆಯ ಹಾಲಿನ ಡೈರಿಯಿಂದ ತಂದ ತೊಟ್ಟಿಯಲ್ಲಿ ಮೂವರೂ ಇಳಿದು ತುಳಿದರು. ಕಾಲು ಮಂಡಿಯವರೆಗೆ ನೇರಳೆ ಬಣ್ಣಕ್ಕೆ ತಿರುಗಿ, ಹದಿನೈದು ದಿನ ಸೋಪಿಗೂ ಹೋಗಲಿಲ್ಲ. ರಸ ಗುಳುಗುಳು ಉಕ್ಕುವಾಗ ಅವಳು ತೊಟ್ಟಿಯ ಮೇಲೆ ಬಗ್ಗಿ, ಹಿಟ್ಟು ಹುದುಗಿದ ಹಾಗೆಯೇ ವಾಸನೆ ಕಣ್ರೀ, ಬೇಕರಿಯೇ ಇಲ್ಲಿಗೆ ಬಂದಿದೆ ಎಂದಳು. ಅಷ್ಟು ಮಾತಿಗೆ ಮೇಸ್ತ್ರಿಗೆ ಆಕಾಶ ಮೂರೇ ಗೇಣು.

ರಸವನ್ನು ಸೋಸಿ ಎರಡು ಪೀಪಾಯಿಗೆ ತುಂಬಿದ ಮಾರನೇ ದಿನವೇ ಪಟ್ಟಣದಿಂದ ಸುದ್ದಿ ಬಂತು. ಅವಳ ತಂಗಿಗೆ ಹೆರಿಗೆ, ಕಷ್ಟವಾಗಿದೆ, ಬರಬೇಕು. ಅವಳು ಮಗಳನ್ನು ಕರೆದುಕೊಂಡು ಹೊರಟಳು. ಆರು ವಾರ ಮನೆಯಲ್ಲಿ ಮೂಗಿರಲಿಲ್ಲ. ಕೆಟ್ಟದ್ದೆಲ್ಲ ಆ ಆರು ವಾರದಲ್ಲಿ.

ಪಾಲಿಶ್ ಕೆಲಸದವರದು ಒಂದು ಹಟ. ಮರದ ಉಸಿರು ಕಟ್ಟಬಾರದು. ಪಾಲಿಶ್ ಮಾಡಿದ ಕಪಾಟಿನ ಬಾಗಿಲನ್ನು ವಾರಗಟ್ಟಲೆ ತೆರೆದಿಡುತ್ತಾರೆ. ಕರಗಿಸಿದ ಅರಗಿನ ಡಬ್ಬಿಯನ್ನು ಕಂಠದವರೆಗೆ ತುಂಬುವುದಿಲ್ಲ, ಬಾಯಿಗೆ ತೆಳು ಬಟ್ಟೆ ಕಟ್ಟುತ್ತಾರೆ. ಮೇಸ್ತ್ರಿ ಪೀಪಾಯಿಗೂ ಅದನ್ನೇ ಮಾಡಿದ. ಮುಕ್ಕಾಲು ತುಂಬಿ, ಮೇಲಿನ ತೂತಿಗೆ ಬಿರಡೆ ಹಾಕದೆ, ಒಗೆದು ಒಣಗಿಸಿದ ತೆಳು ಮಲ್ಲು ಬಟ್ಟೆಯ ತುಂಡನ್ನು ನೀಟಾಗಿ ಕಟ್ಟಿದ. ಸಾಲದ್ದಕ್ಕೆ ದಿನಾ ಬೆಳಿಗ್ಗೆ ಒಂದು ಸೌಟು ತೆಗೆದು ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದ. ಬಣ್ಣದಲ್ಲಿ ಅವನನ್ನು ಮೀರಿಸುವವರಿಲ್ಲ. ಕೆಂಪು ದಿನದಿನಕ್ಕೆ ತಿಳಿಯಾಗಿ, ಹಳೆಯ ಬೀಟೆಮರಕ್ಕೆ ಕೈತುಂಬ ಪಾಲಿಶ್ ಕೊಟ್ಟಂತೆ ಬಂದಿತ್ತು. ನಾಲಗೆಗೆ ಮಾತ್ರ ಒಂದು ಹನಿ ಸೋಕಿಸಲಿಲ್ಲ. ಮೊದಲ ಗುಟುಕು ಅವಳದು ಎಂದು ಮಾತು ಕೊಟ್ಟಿದ್ದನಲ್ಲ. ಗಾಳಿ ಹೊಕ್ಕರೆ ವೈನು ಹುಳಿಯಾಗುತ್ತದೆ ಎಂದು ಮಗುವಿಗೂ ಗೊತ್ತಿರುವ ವಿಷಯ ಈ ಮಹಾನುಭಾವನಿಗೆ ಗೊತ್ತಿರಲಿಲ್ಲ.

ಅವಳು ಮಗಳ ಜೊತೆ ವಾಪಸು ಬಂದದ್ದು ಒಂದು ಬೆಳಿಗ್ಗೆ. ತಗಡಿನ ಪೆಟ್ಟಿಗೆಯನ್ನು ಹಗ್ಗ ಬಿಗಿದ ಹಾಗೆಯೇ ಬಾಗಿಲ ಪಕ್ಕ ಇಳಿಸಿದಳು. ಪೀಪಾಯಿ ಕೋಣೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಮೇಸ್ತ್ರಿ ಸೌಟು ತುಂಬಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದಿದ್ದ. ಅವಳು ಮೂಸಿದಳು. ಕುಡಿದಳು. ಸೌಟನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ,” ಎಂದಳು.

ಅಷ್ಟು ಹೇಳಿ ಒಳಗೆ ಹೋದಳು. ಮೇಸ್ತ್ರಿ ಸೌಟಿನಲ್ಲಿ ಉಳಿದದ್ದನ್ನು ಖುಷಿಯಿಂದ ಗಟಗಟನೆ ಸುರಿದುಕೊಂಡ. ಸುರಿದುಕೊಂಡವನ ಗಂಟಲು ಹಿಡಿಯಿತು, ಕಣ್ಣಲ್ಲಿ ನೀರು ಬಂತು, ಹಲ್ಲು ಜುಮ್ಮೆಂದಿತು. ಎರಡನೇ ಪೀಪಾಯಿಗೂ ಸೌಟು ಹಾಕಿ ನೋಡಿದ. ಅದೂ ಹಾಗೇ. ಗೋಡೆಗೆ ಒರಗಿ ಕೂತುಬಿಟ್ಟ.

ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಅವಳು ಕನಿಕರಪಟ್ಟು ಸುಳ್ಳು ಹೇಳಿದ್ದಾಳೆ. ಕೆಟ್ಟಿದೆ ಎಂದು ಒಂದು ಮಾತು ಅಂದಿದ್ದರೆ ಅವಳ ಬೇಕರಿ, ಅವಳ ಕಿಟಕಿ, ಅವಳ ಟೈಲರಮ್ಮ ಎಲ್ಲ ಅವಳಿಗೆ ಸಿಗುತ್ತಿತ್ತು. ಅದನ್ನು ಬಿಟ್ಟುಕೊಟ್ಟಿದ್ದಾಳೆ. ಈಗ ಮರ್ಯಾದಸ್ಥನಾದವನು ಏನು ಮಾಡಬೇಕು? ಒಳಗೆ ಹೋಗಿ, ನನಗೂ ಗೊತ್ತಾಯಿತು ಕಣೇ, ನಡಿ ಹೊರಡೋಣ ಎನ್ನಬೇಕು. ಮೇಸ್ತ್ರಿ ಎದ್ದ. ಎದ್ದವನು ಒಳಗೆ ಹೋಗಲಿಲ್ಲ. ಮೇಲಿನ ಸಾಲಿನ ಗೋಡೆಯಲ್ಲಿ ಒಂದು ಕಲ್ಲು ಸಡಿಲಾಗಿದೆ ಎಂದು ನೆನಪು ಮಾಡಿಕೊಂಡು ಅಲ್ಲಿಗೆ ಹೋದ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ, ಚೆನ್ನಾಗಿಯೇ ಇದ್ದ ಗೋಡೆಯನ್ನು ಕೆಡವಿ ಮತ್ತೆ ಕಟ್ಟಿದ. ಊಟಕ್ಕೆ ಬಂದಾಗಲೆಲ್ಲ ಹಗ್ಗ ಬಿಗಿದ ಪೆಟ್ಟಿಗೆ ಬಾಗಿಲಲ್ಲೇ ಇತ್ತು. ಅವನು ಅದನ್ನು ಬಳಸಿಕೊಂಡು ಒಳಗೆ ಬರುತ್ತಿದ್ದ, ಬಳಸಿಕೊಂಡು ಹೊರಗೆ ಹೋಗುತ್ತಿದ್ದ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿಯಾಗಿತ್ತು, ಹಗ್ಗವನ್ನೇ ತಂತಿಯಂತೆ ಕಟ್ಟಿ ಅದರ ಮೇಲೆ ಒದ್ದೆ ಬಟ್ಟೆ ಹರವಿತ್ತು. ಮೇಸ್ತ್ರಿಗೆ ಎಷ್ಟು ಹಾಯೆನಿಸಿತೆಂದರೆ, ಬಳ್ಳಿಯ ಮರೆಗೆ ಹೋಗಿ ಅತ್ತುಬಿಟ್ಟ. ಹಾಯೆನಿಸಿತು, ನಾಚಿಕೆಯೂ ಆಯಿತು. ಆ ನಾಚಿಕೆ ಮಾತ್ರ ಹಾಗೇ ಉಳಿಯಿತು.

ಆಮೇಲೆ ಆಟ ಶುರುವಾಯಿತು. ಮಾರುವ ಚಿಂತೆ ನಿಮಗೆ ಬೇಡ, ಗಿರಾಕಿಯನ್ನು ನಾನೇ ನೋಡಿದ್ದೇನೆ ಎಂದು ಅವಳು ಬಾಟಲಿಗಳನ್ನು ವ್ಯಾನಿಗೆ ಹೇರಿಸಿದಳು. ಮೇಸ್ತ್ರಿ ಏನೂ ಅರಿಯದವನಂತೆ ಹೇರಿದ. ವ್ಯಾನಿನ ಡ್ರೈವರನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ನಿಮ್ಮ ಮಾಲು ಉಪ್ಪಿನಕಾಯಿ ಕಾರ್ಖಾನೆಯವರಿಗೆ ಬಹಳ ಹಿಡಿಸಿದೆ ಮೇಸ್ತ್ರಿ, ಬರುವ ವರ್ಷವೂ ಇದೇ ಬೇಕಂತೆ ಎಂದು ಬಂದು ಹೇಳಿದ. ಒಂದು ಬಾಟಲಿಯನ್ನು ಮಾತ್ರ ಮೇಸ್ತ್ರಿ ತೆಗೆದಿಟ್ಟುಕೊಂಡ. ಬಿರಡೆಯ ಮೇಲೆ ಕೆಂಪು ಅರಗು ಕರಗಿಸಿ ಸುರಿದು, ಹೆಬ್ಬೆರಳು ಒತ್ತಿ ಗೂಡಿನಲ್ಲಿಟ್ಟ. ಯಾಕೆ ಎಂದು ಕೇಳಿದರೆ, ಮೊದಲ ವರ್ಷದ ನೆನಪಿಗೆ ಎಂದ. ನಿಜ ಹೇಳಬೇಕೆಂದರೆ ಅವಳು ತನಗಾಗಿ ಏನು ಬಿಟ್ಟುಕೊಟ್ಟಳು ಎನ್ನುವುದನ್ನು ಎಲ್ಲಾದರೂ ಒಂದು ಕಡೆ ಜೋಪಾನವಾಗಿ ಇಡಬೇಕಿತ್ತು. ಅವನಿಗೆ ತಿಳಿದ ದಾರಿ ಅರಗು ಹಾಕುವುದೊಂದೇ.

ಮರುವರ್ಷ ರಸ ತುಂಬುವಾಗ ಅವಳು ಸಹಜವಾಗಿ, ಈ ಸಲ ಪೀಪಾಯಿ ಕಂಠಮಟ್ಟ ತುಂಬಿಸಿ ಬಾಯಿ ಬಿಗಿಯೋಣ, ಪಟ್ಟಣದಲ್ಲಿ ಯಾರೋ ಹಾಗೆ ಮಾಡುತ್ತಾರಂತೆ ಎಂದಳು. ಆಗಲಿ ಎಂದು ಅವನು ಬೀಟೆಯ ತುಂಡಿನಲ್ಲಿ ಬಿರಡೆ ಕಡೆದ. ವೈನು ವೈನೇ ಆಯಿತು. ಅಲ್ಲಿಂದ ಮುಂದೆ ಪ್ರತಿ ಪೀಪಾಯಿಗೂ ಅವಳ ಮೂಗೇ ಹುಕುಂ. ಅವಳು ಮೂಸಿ ಅವನಿಗೆ ಮಾತಿನಲ್ಲಿ ಹೇಳುತ್ತಿದ್ದಳು. ಇದು ಮಳೆ ಬಿದ್ದ ಮಣ್ಣು, ಇದು ಒಲೆಯಿಂದ ತೆಗೆದ ಬ್ರೆಡ್ಡಿನ ಬೆನ್ನು, ಇದು ನಿಮ್ಮ ಹಳೇ ಅಂಗಡಿ ಕಣ್ರೀ, ಥೂ, ಇದನ್ನು ಇನ್ನೊಂದಕ್ಕೆ ಬೆರೆಸಬೇಡಿ. ಅವಳ ಬಾಯಿಂದ ಕೇಳಿ ಕೇಳಿ, ಸತ್ತ ಮೂಗಿನಲ್ಲೂ ಅವನಿಗೆ ವಾಸನೆ ಹತ್ತುತ್ತಿತ್ತು. ಆ ಕತ್ತಲೆ ನೆಲಮಾಳಿಗೆಯಲ್ಲಿ, ಒಂದೇ ಸೌಟಿನ ಮೇಲೆ ಇಬ್ಬರೂ ಬಗ್ಗಿ ನಿಂತ ಹೊತ್ತುಗಳೇ ತನ್ನ ಬಾಳಿನ ಒಳ್ಳೆಯ ಹೊತ್ತುಗಳು ಎಂದು ಮೇಸ್ತ್ರಿಗೆ ಈಗ ಅನಿಸುತ್ತಿತ್ತು.

ಮಗಳು ಬೆಳೆದಳು, ವೈನು ಮಾಡುವುದನ್ನೇ ಓದಿದಳು, ಕೊಳಾಯಿ ಕೆಲಸ ಬಲ್ಲ ಹುಡುಗನನ್ನು ಮದುವೆಯಾಗಿ ಇಲ್ಲಿಗೇ ಕರೆತಂದಳು. ವೈನು ಮನೆಗೆ ಕೊಳಾಯಿಯವನಿಗಿಂತ ಒಳ್ಳೆಯ ಅಳಿಯ ಸಿಗುವುದಿಲ್ಲ. ಇನ್ನು ನೀವಿಬ್ಬರೂ ಕೂತುಕೊಳ್ಳಿ, ತೋಟ ನಾವು ನೋಡಿಕೊಳ್ಳುತ್ತೇವೆ ಎಂದಳು. ಇವತ್ತು ಊಟವಾದ ಮೇಲೆ ನೆಲಮಾಳಿಗೆಯ ಬೀಗದ ಕೈ ಅವಳಿಗೆ. ಅದಕ್ಕೇ ಮೊದಲ ವರ್ಷದ ಬಾಟಲಿ ತೆರೆಯಬೇಕೆಂದು ಅವಳ ಆಸೆ.

ಇನ್ನೊಂದು ಸಂಗತಿಯಿತ್ತು. ಎಂಟು ದಿನದ ಹಿಂದೆ ಬಟಾಣಿ ಬಿಡಿಸುತ್ತ ಹೆಂಡತಿ, ತಂಗಿಯ ಮನೆಯ ಮಹಡಿ ಖಾಲಿಯಾಗಿದೆಯಂತೆ, ಬಂದುಬಿಡು ಎಂದು ಕರೆಯುತ್ತಿದ್ದಾಳೆ ಎಂದಿದ್ದಳು. ಮೇಸ್ತ್ರಿ ಹೌದಾ ಎಂದು ಹೇಳಿ, ಬಳ್ಳಿ ಸವರುವ ಕತ್ತರಿ ಮಸೆಯಲು ಎದ್ದುಹೋಗಿದ್ದ. ಇವತ್ತು ಬೆಳಿಗ್ಗೆ ನೋಡಿದರೆ ಹಳೆಯ ತಗಡಿನ ಪೆಟ್ಟಿಗೆ ಅಟ್ಟದಿಂದ ಇಳಿದು, ಒರೆಸಿಕೊಂಡು, ಬಾಗಿಲ ಪಕ್ಕ ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತಿತ್ತು. ಅದನ್ನು ಕಂಡಾಗಿನಿಂದ ಮೇಸ್ತ್ರಿಯ ಎದೆಯಲ್ಲಿ ಕಲ್ಲು ಕೂತಿತ್ತು. ಹೋಗುವವಳು ಹೋಗಲಿ, ಅದು ಅವಳ ಹಕ್ಕು. ಆದರೆ ಗಂಡ ಇಪ್ಪತ್ತು ವರ್ಷ ತನ್ನನ್ನು ಮೋಸ ಮಾಡಿ ಕೂಡಿಹಾಕಿದ್ದ ಎಂದು ತಿಳಿದುಕೊಂಡು ಹೋಗಬಾರದು. ಎಲ್ಲರೆದುರು ಆ ವಿನೆಗರ್ ಕುಡಿದು, ಈಗಷ್ಟೇ ಗೊತ್ತಾದವನಂತೆ ಮುಖ ಮಾಡುವುದು ತನ್ನಿಂದಾಗದು ಎಂದು ಅವನಿಗೆ ಗೊತ್ತಿತ್ತು.

ಮೇಸ್ತ್ರಿ ಬಾಟಲಿ ಹಿಡಿದು ಮೆಟ್ಟಿಲು ಹತ್ತಿದ. ಮೂರನೇ ಮೆಟ್ಟಿಲಿನಲ್ಲಿ ಬೇಕೆಂದೇ ಎಡವಿದ. ಮುಗ್ಗರಿಸಿದ, ಮಂಡಿ ತರಚಿತು, ಭುಜ ಗೋಡೆಗೆ ಬಡಿಯಿತು. ಬೆರಳು ಮಾತ್ರ ಬಾಟಲಿಯನ್ನು ಬಿಡಲಿಲ್ಲ. ಹಾಳಾದ ಕೈ, ಹೇಳಿದ ಮಾತು ಕೇಳಲಿಲ್ಲ. ಅವನು ಕುಂಟುತ್ತ ಬಂದು ಬಾಟಲಿಯನ್ನು ಮೇಜಿನ ಮೇಲಿಟ್ಟ.

ಊಟವಾಯಿತು. ಮಗಳು ಅರಗನ್ನು ಚಾಕುವಿನ ಹಿಡಿಯಿಂದ ತಟ್ಟಿ ಬಿಡಿಸಿದಳು. ಅಪ್ಪನ ಹೆಬ್ಬೆರಳಿನ ಗುರುತಿದ್ದ ಚೂರನ್ನು ಎತ್ತಿ ಪಕ್ಕಕ್ಕಿಟ್ಟಳು. ಬಿರಡೆ ಎಳೆದು ನಾಲ್ಕು ಲೋಟಕ್ಕೆ ಸುರಿದಳು. ಮೂಗಿನ ಹತ್ತಿರ ತಂದವಳು ತಟ್ಟನೆ ತಲೆ ಹಿಂದಕ್ಕೆಳೆದಳು. ಅಷ್ಟರಲ್ಲಿ ಅಳಿಯ ಒಂದು ದೊಡ್ಡ ಗುಟುಕು ಕುಡಿದಾಗಿತ್ತು. ಅವನ ಮುಖ ಕಿವುಚಿ ಮುದ್ದೆಯಾಯಿತು. ಕಷ್ಟಪಟ್ಟು ನುಂಗಿ, ಬಣ್ಣ ಮಾತ್ರ ಬಹಳ ಚೆನ್ನಾಗಿದೆ ಮಾವ ಎಂದ.

ಮಗಳು ನಗಲು ಶುರುಮಾಡಿದಳು. ಇಪ್ಪತ್ತು ವರ್ಷ ಆಯಿತಲ್ಲ, ಬಿರಡೆ ಎಲ್ಲೋ ಗಾಳಿ ಬಿಟ್ಟಿದೆ, ಇಟ್ಟಲ್ಲೇ ವಿನೆಗರ್ ಆಗಿಹೋಗಿದೆ, ದೊಡ್ಡ ದೊಡ್ಡವರ ಬಾಟಲಿಗೂ ಹೀಗಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು.

ಮೇಸ್ತ್ರಿ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಬ್ರೆಡ್ಡಿನ ಚೂರು ಹಾರಿತು. ಇಟ್ಟು ಕೆಟ್ಟದ್ದು! ಇಷ್ಟು ಸುಲಭದ ದಾರಿ ಇದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಯಾರಿಗೂ ಏನೂ ಗೊತ್ತಾಗಬೇಕಿಲ್ಲ. ಹೌದೌದು ಎಂದು ತಲೆಯಾಡಿಸಿದರೆ ಸಾಕು. ಹೆಂಡತಿ ಎದ್ದು ಲೋಟಗಳನ್ನು ಒಟ್ಟು ಮಾಡತೊಡಗಿದಳು. ಮಾಡುತ್ತ ಒಂದು ಸಲ ಅವನ ಮುಖ ನೋಡಿದಳು. ಅವನು ಸೌಟು ಹಿಡಿದು ನಿಂತ ದಿನ ನೋಡಿದ್ದ ಹಾಗೆಯೇ ನೋಡಿದಳು. ಅವಳ ಬೆನ್ನ ಹಿಂದೆ, ತೆರೆದ ಬಾಗಿಲಾಚೆ, ಪೆಟ್ಟಿಗೆ ಕಾಣುತ್ತಿತ್ತು.

“ಇಟ್ಟು ಕೆಟ್ಟಿದ್ದಲ್ಲ ಅದು,” ಎಂದ ಮೇಸ್ತ್ರಿ. ತನ್ನ ದನಿ ತನಗೇ ಬೇರೆಯವರದು ಅನಿಸಿತು. “ಅವತ್ತೇ ಹೀಗಿತ್ತು. ಬಟ್ಟೆ ಕಟ್ಟಿ, ಗಾಳಿ ಆಡಿಸಿ, ನಾನೇ ಕೆಡಿಸಿದ್ದು.”

ಮಗಳು ಅಮ್ಮನ ಕಡೆ ತಿರುಗಿದಳು. ಅಮ್ಮ ಚೆನ್ನಾಗಿದೆ ಅಂದಿದ್ದಳಲ್ಲ ಎಂದಳು.

“ಅಂದಿದ್ಲು. ಅವಳು ಒಳಗೆ ಹೋದ್ಮೇಲೆ ನಾನೂ ಕುಡಿದು ನೋಡ್ದೆ.” ಅವನು ಹೆಂಡತಿಯನ್ನು ನೋಡಲಾರದೆ ಮೇಜನ್ನು ನೋಡುತ್ತ ಹೇಳಿದ. “ನನಗೆ ಅವತ್ತೇ ಗೊತ್ತಿತ್ತು ಕಣೇ. ಬಾಯಿ ಬಿಟ್ರೆ ಪಟ್ಟಣಕ್ಕೆ ಹೋಗ್ಬೇಕಾಗುತ್ತೆ ಅಂತ ಸುಮ್ಮನಿದ್ದೆ. ನಿನ್ನ ಇಪ್ಪತ್ತು ವರ್ಷ ಕದ್ದುಬಿಟ್ಟೆ ನಾನು.”

ಲೋಟಗಳ ಸದ್ದು ನಿಂತಿತು. ಹೆಂಡತಿ ಕುರ್ಚಿ ಎಳೆದು ಅವನ ಎದುರಿಗೆ ಕೂತಳು.

“ನಿಮ್ಮ ಮೂಗು ಸತ್ತಿದೆ ಅಂತ ನನಗೆ ಗೊತ್ತು. ನಾಲಗೆ ಸತ್ತಿದೆ ಅಂತ ಯಾರು ಹೇಳಿದ್ರು? ಒಂಚೂರು ಹುಳಿ ಜಾ‌ಸ್ತಿಯಾದ್ರೆ ತಟ್ಟೆ ತಳ್ತಿದ್ದ ಮನುಷ್ಯ ನೀವು. ಅಡುಗೆ ಮಾಡಿ ಬಡಿಸ್ತಿದ್ದೋಳು ನಾನು.”

ಮೇಸ್ತ್ರಿ ತಲೆಯೆತ್ತಿದ. ಹಾಗಾದರೆ ನಿನಗೆ ಎಂದು ಶುರುಮಾಡಿದ.

“ಕುಡಿದು ನೋಡೇ ನೋಡ್ತೀರ ಅಂತ ಗೊತ್ತಿತ್ತು. ಆ ಸೌಟು ಹಿಡ್ಕೊಂಡು ನಿಂತಿದ್ದ ಮುಖಕ್ಕೆ ಕೆಟ್ಟಿದೆ ಅನ್ನೋಕೆ ನನ್ನ ಕೈಲಾಗ್ಲಿಲ್ಲ. ನೀವೇ ಬಂದು ಹೇಳ್ತೀರ ಅನ್ಕೊಂಡೆ. ಕೆಟ್ಟುಹೋಗಿದೆ ಕಣೇ, ಆದ್ರೂ ಇರು, ಇನ್ನೊಂದು ವರ್ಷ ನೋಡೋಣ ಅಂತೀರ ಅಂತ ಕಾದೆ. ಆ ಒಂದು ಮಾತು ಅಂದಿದ್ರೆ ಸಾಕಿತ್ತು ನನಗೆ. ಮೂರು ದಿನ ಪೆಟ್ಟಿಗೆ ಬಾಗಿಲಲ್ಲೇ ಇಟ್ಕೊಂಡು ಕಾದೆ. ನೀವು ಗೋಡೆ ಕಟ್ತಾ ಕೂತ್ರಿ.”

ಮೇಸ್ತ್ರಿಗೆ ಆ ಮೂರು ದಿನ ಕಣ್ಣ ಮುಂದೆ ಬಂತು. ಪೆಟ್ಟಿಗೆಯನ್ನು ಬಳಸಿಕೊಂಡು ಹೋದದ್ದು, ಬಳಸಿಕೊಂಡು ಬಂದದ್ದು. ಒಳಗೆ ಒಬ್ಬಳು ಕಿವಿ ತೆರೆದುಕೊಂಡು ಕೂತಿದ್ದದ್ದು ಅವನಿಗೆ ಈಗ ಗೊತ್ತಾಗುತ್ತಿತ್ತು.

“ಮತ್ತೆ ನಾಲ್ಕನೇ ದಿನ?” ಎಂದ.

“ಇನ್ನೇನ್ಮಾಡ್ಲಿ? ಬಟ್ಟೆ ಒಗೆಯೋದಿತ್ತು.”

ಮಗಳಿಗೆ ಇದ್ದಕ್ಕಿದ್ದಂತೆ ಯಾವುದೋ ನಲ್ಲಿ ಸೋರುತ್ತಿರುವುದು ನೆನಪಾಯಿತು. ಎಲ್ಲಿಯ ನಲ್ಲಿ ಎಂದು ಕೇಳಹೊರಟ ಅಳಿಯನ ತೋಳು ಹಿಡಿದು ಎಳೆದುಕೊಂಡು ಹೊರಗೆ ಹೋದಳು.

ಇಬ್ಬರೇ ಉಳಿದರು. ಮೇಸ್ತ್ರಿ ಅಂಗೈಯಿಂದ ಮೇಜು ಒರೆಸಿದ. ಪೆಟ್ಟಿಗೆ ಇಳಿಸಿದ್ದೀಯಲ್ಲ, ತಂಗಿಯ ಮನೆಗಾ ಎಂದು ಕೇಳಿದ. ಎಂಟು ದಿನದ ಹಿಂದೆಯೇ ಹೇಳಿದ್ದೆನಲ್ಲ, ಆಗ ನಿಮಗೆ ಕತ್ತರಿ ಮಸೆಯುವುದಿತ್ತು ಎಂದಳು ಅವಳು. ನಿನ್ನಿಷ್ಟ, ನೀನು ಹೊರಡುವುದಾದರೆ ನಾನೂ ಬರುತ್ತೇನೆ, ಇಲ್ಲಿ ನನ್ನದೇನಿದೆ ಎಂದು ಮೇಸ್ತ್ರಿ ಬಹಳ ಉದಾರವಾಗಿ ಹೇಳಿದ. ಅವಳು ನಿಟ್ಟುಸಿರು ಬಿಟ್ಟು ಎದ್ದಳು. ಮತ್ತೆ ಲೋಟಗಳನ್ನು ಒಟ್ಟು ಮಾಡತೊಡಗಿದಳು. ಆಗ ಮೇಸ್ತ್ರಿಗೆ ಹೊಳೆಯಿತು, ತಾನು ಈಗಲೂ ಗೋಡೆಯನ್ನೇ ಕಟ್ಟುತ್ತಿದ್ದೇನೆ ಎಂದು.

“ಇರು,” ಎಂದ.

ಅವಳ ಕೈ ನಿಂತಿತು. ಏನಂದಿರಿ ಎಂದಳು.

“ಇರು ಅಂದೆ. ಎಲ್ಲೂ ಹೋಗ್ಬೇಡ. ಇಲ್ಲೇ, ನನ್ನ ಜೊತೆ ಇರು.” ನಲವತ್ತು ವರ್ಷದ ಸಂಸಾರದಲ್ಲಿ ಅವನು ಬಾಯಿಬಿಟ್ಟು ಏನನ್ನಾದರೂ ಬೇಡಿದ್ದು ಅದೇ ಮೊದಲು.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದವಳು, ಬಾಗಿಲಲ್ಲಿ ತಿರುಗಿ ನಿಂತಳು.

“ಮೂರು ದಿನ ಟೈಮ್ ಕೊಡಿ. ಯೋಚನೆ ಮಾಡಿ ಹೇಳ್ತೀನಿ.”

ಆ ಮೂರು ದಿನ ಮೇಸ್ತ್ರಿ ತೋಟದ ಕಡೆ ತಲೆಹಾಕಲಿಲ್ಲ. ಮೇಲಿನ ಸಾಲಿನಲ್ಲಿ ಗೋಡೆ ನಿಜವಾಗಿಯೂ ಕುಸಿದಿದೆ ಎಂದು ಅಳಿಯ ಬಂದು ಹೇಳಿದ, ಅದಕ್ಕೂ ಏಳಲಿಲ್ಲ. ಬಾಗಿಲಲ್ಲಿ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಅವಳು ಬಟಾಣಿ ಬಿಡಿಸಿದರೆ ತಾನೂ ಬಿಡಿಸಿದ. ಬೇಕರಿಯ ಯಜಮಾನನ ಸುದ್ದಿ, ಟೈಲರಮ್ಮನ ಸುದ್ದಿ, ಶನಿವಾರದ ಬೈಗುಳಕ್ಕಾಗಿ ದಾರಿ ಕಾಯುತ್ತಿದ್ದ ಸುದ್ದಿ, ಎಲ್ಲ ಮಾತಾಡಿದ. ಅವಳು ಹೂಂ ಅಂದಳು, ನಕ್ಕಳು, ಒಂದೆರಡು ಕಡೆ ತಿದ್ದಿದಳು. ಹೋಗುತ್ತೇನೆ ಎಂದೂ ಅನ್ನಲಿಲ್ಲ, ಇರುತ್ತೇನೆ ಎಂದೂ ಅನ್ನಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅವಳು ಬಟ್ಟೆ ಒಗೆದಳು. ಮೇಸ್ತ್ರಿ ದೊಡ್ಡ ಚಾದರದ ಇನ್ನೊಂದು ತುದಿ ಹಿಡಿದು ಹಿಂಡಿದ.